ಜಯಂಟ್ ವೀಲ್‌ಗೆ ಒಡೆದ ಬೂದುಗುಂಬಳಕಾಯಿ

ಥೀಮ್ ಪಾರ್ಕೊಂದರಲ್ಲಿ ಹಬ್ಬದ ಕಳೆ ಹೋಯಿತೆಂದು ಬೇಸರಪಟ್ಟುಕೊಳ್ಳುವವರನ್ನು ಕಂಡರೆ ಹೊರಗಿನವರಿಗೆ ನಗು ಬರುವುದು ಸಹಜ. ದುಡ್ಡು ಕೊಟ್ಟು ಟಿಕೆಟ್ ಪಡೆದು, ಕಬ್ಬಿಣದ ತೊಟ್ಟಿಲಿನಲ್ಲಿ ಕುಳಿತು ಕಿರುಚಿ ಬರುವ ಜಾಗಕ್ಕೂ ಸಂಪ್ರದಾಯಕ್ಕೂ ಏನು ಸಂಬಂಧ ಎಂದು ನಮ್ಮ ಬೀದಿಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದರು. ಆದರೂ ಹಾಸನದ ನಮ್ಮ ಕೆಲವು ಮನೆಗಳವರು ಈಚಿನ ದಸರಾಗಳಲ್ಲಿ ಅನುಭವಿಸುತ್ತಿರುವ ನಿರಾಸೆ ನಿಜವಾದದ್ದು. ನಮ್ಮ ಕಾಲವೇ ಚೆನ್ನಾಗಿತ್ತು ಎಂಬ ಮಾಮೂಲಿ ಗೊಣಗಾಟದ ಸಾಲಿಗೆ ಅದನ್ನು ಸೇರಿಸಲು ನನ್ನ ಮನಸ್ಸು ಒಪ್ಪದಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಾಸನದವರಿಗೆ ಆಶ್ವಯುಜ ಮಾಸವೆಂದರೆ ಎರಡು ಹಬ್ಬಗಳ ನಡುವಿನ ಓಡಾಟ. ಮೊದಲ ಹತ್ತು ದಿನ ದಸರೆ. ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಊರಿನಲ್ಲೇ ಹಾಸನಾಂಬೆಯ ದರ್ಶನ. ದಸರೆಗೆಂದು ಹೊಳೆನರಸೀಪುರ, ಕೆ.ಆರ್. ನಗರಗಳನ್ನು ದಾಟಿ ಮೈಸೂರಿಗೆ ಹೋಗುವುದು ನಮ್ಮ ಅಜ್ಜಂದಿರ ಕಾಲದಿಂದಲೂ ಬಂದ ರೂಢಿ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ, ಆರಂಭವಾದ ದಸರಾ ವಸ್ತುಪ್ರದರ್ಶನ, ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವ ಅರಮನೆ, ಕನ್ನಂಬಾಡಿಯ ಕಾರಂಜಿಗಳು, ಇವಿಷ್ಟನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಿ, ಅರ್ಧ ರಾತ್ರಿಗೆ ಊರು ಸೇರುತ್ತಿದ್ದರು. ನನ್ನ ತಲೆಮಾರಿನವರು ಮೊದಲ ಸಲ ರಾಟೆ ಹತ್ತಿದ್ದು ಆ ವಸ್ತುಪ್ರದರ್ಶನದಲ್ಲೇ. ನಮಗೆ ಮಕ್ಕಳಾದ ಮೇಲೆ ಅವರ ಬೇಡಿಕೆ ಬದಲಾಯಿತು. ಹೀಗೆ ಪಾರ್ಕು ನಮ್ಮ ದಸರೆಯೊಳಗೆ ಬಂದಿತು. ಅದರ ಹೆಸರು ಇಲ್ಲಿ ಬೇಡ. ನಸುಕಿನಲ್ಲಿ ಹಾಸನ ಬಿಟ್ಟರೆ ಗೇಟು ತೆರೆಯುವ ಹೊತ್ತಿಗೆ ತಲುಪಬಹುದಾದಷ್ಟು ದೂರದಲ್ಲಿದೆ ಎಂದರೆ ಸಾಕು.

ನಾವು ಮೊದಲ ಸಲ ಹೋದದ್ದು ಮಹಾನವಮಿಯ ದಿನ, ಅದೂ ಬೇರೆ ದಿನ ಬಾಡಿಗೆಗೆ ವ್ಯಾನ್ ಸಿಗದ ಕಾರಣದಿಂದ. ಆಯುಧಪೂಜೆಯ ದಿನ ಯಾವ ವಾಹನವೂ ಪೂಜೆಯಾಗದೆ ಹೊರಡುವುದಿಲ್ಲವಾದ್ದರಿಂದ ನಮ್ಮ ಚಾಲಕನೂ ಕತ್ತಲಿನಲ್ಲೇ ಎದ್ದು ವ್ಯಾನ್ ತೊಳೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ ಮೇಲೆಯೇ ಬಾಗಿಲು ತೆರೆದಿದ್ದ. ಪಾರ್ಕಿಗೆ ಹೋದರೆ ಅಲ್ಲಿಯೂ ಅದೇ ಕೆಲಸ ನಡೆದಿತ್ತು. ಒಂದೊಂದು ರೈಡಿನ ಕಂಬಕ್ಕೂ ಬಾಳೆಕಂದು ಕಟ್ಟಿದ್ದರು, ಮಾವಿನ ಸೊಪ್ಪಿನ ತೋರಣವಿತ್ತು. ಆಪರೇಟರುಗಳು ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಕೆಲವರು ಪಂಚೆಯಲ್ಲಿ, ತಮ್ಮ ತಮ್ಮ ಯಂತ್ರದ ಮುಂದೆ ನಿಂತಿದ್ದರು. ಒಂದು ಮೇಜಿನ ಮೇಲೆ ಸ್ಪ್ಯಾನರ್, ಸುತ್ತಿಗೆ, ಗ್ರೀಸ್ ಗನ್, ಟಾರ್ಚುಗಳನ್ನು ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಜಯಂಟ್ ವೀಲಿನ ನಿಯಂತ್ರಣ ಪೆಟ್ಟಿಗೆ: ತುರ್ತು ಸಂದರ್ಭದಲ್ಲಿ ಯಂತ್ರವನ್ನು ನಿಲ್ಲಿಸಲು ಇರುವ ದೊಡ್ಡ ಕೆಂಪು ಗುಂಡಿಯ ಮೇಲೆ ಯಾರೋ ಶ್ರದ್ಧೆಯಿಂದ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟು ಇಟ್ಟಿದ್ದರು. ಅದಕ್ಕೊಂದು ಸೇವಂತಿಗೆ ಹೂವನ್ನೂ ಸಿಕ್ಕಿಸಿದ್ದರು. ವರ್ಷವಿಡೀ ಒತ್ತುವ ಸಂದರ್ಭ ಬಾರದಿರಲಿ ಎಂದು ಬೇಡಿಕೊಳ್ಳಬೇಕಾದ ಗುಂಡಿಗೇ ಪೂಜೆ ಸಲ್ಲಿಸಿದ್ದು ಎಷ್ಟು ಸರಿಯಾದದ್ದೆಂದು ಆಗಲೇ ಅನ್ನಿಸಿತ್ತು.

ಆಮೇಲೆ ಹಿರಿಯ ಮೆಕ್ಯಾನಿಕ್ ಒಬ್ಬರು ಬೂದುಗುಂಬಳಕಾಯಿಯ ತಲೆಯನ್ನು ಚೌಕವಾಗಿ ಕೊರೆದು, ಒಳಗೆ ಕುಂಕುಮ ಮತ್ತು ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ, ಚಕ್ರದತ್ತ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರು. ಸಿಡಿದು ಬಿದ್ದ ಕಾಸುಗಳಿಗೆ ಮಕ್ಕಳು ಮುಗಿಬಿದ್ದರು. ಮೊದಲ ಸುತ್ತು ಯಾರೂ ಇಲ್ಲದೆ ಖಾಲಿಯಾಗಿ ತಿರುಗಿತು. ಎರಡನೆಯ ಸುತ್ತಿಗೆ ಅಲ್ಲಿ ಕೆಲಸ ಮಾಡುವವರ ಮಕ್ಕಳನ್ನು, ಕಸ ಗುಡಿಸುವವರ ಮಕ್ಕಳನ್ನು, ಅಡುಗೆಮನೆಯವರ ಮಕ್ಕಳನ್ನು ಹತ್ತಿಸಿದರು. ಟಿಕೆಟ್ ಕೊಂಡ ನಾವೆಲ್ಲ ಕೆಳಗೆ ನಿಂತು ನೋಡಿದೆವು. ಯಾರೂ ತಕರಾರು ಮಾಡಲಿಲ್ಲ. ಮೂರನೆಯ ಸುತ್ತು ನಮ್ಮದು. ಇಳಿದು ಬಂದವರ ಕೈಗೆ ಕಾಗದದ ಪೊಟ್ಟಣದಲ್ಲಿ ಕಡ್ಲೆಪುರಿ, ಬೆಲ್ಲದ ಚೂರು, ಒಂದು ಬಾಳೆಹಣ್ಣು ಕೊಟ್ಟರು. ಹೊರಗಿನ ತಿಂಡಿಯನ್ನು ಗೇಟಿನಲ್ಲೇ ತಡೆಯುವ, ಒಳಗೆ ನೀರಿನ ಬಾಟಲಿಯನ್ನೂ ದುಬಾರಿ ಬೆಲೆಗೆ ಮಾರುವ ಜಾಗದಲ್ಲಿ ಅದೊಂದು ಪೊಟ್ಟಣಕ್ಕೆ ಬಿಲ್ಲು ಇರಲಿಲ್ಲ. (ನಮ್ಮ ಅತ್ತಿಗೆ ಚೀಲದ ತಳದಲ್ಲಿ ಅಡಗಿಸಿ ತಂದಿದ್ದ ಕೋಡುಬಳೆಗಳು ಆ ದಿನ ಆಪರೇಟರುಗಳ ಪಾಲಾದವು.)

ಮರುವರ್ಷದಿಂದ ನಾವು ಬೇಕೆಂದೇ ಮಹಾನವಮಿಯ ದಿನವನ್ನು ಆರಿಸಿಕೊಂಡೆವು. ಹಿಂದಿನ ಸಂಜೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕೆಲವು ಮಾರು ಸೇವಂತಿಗೆ ಹೂವು ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ರೂಢಿಯಾಯಿತು. ತುಮಕೂರಿನ ಕಡೆಯ, ಮಂಡ್ಯದ ಕಡೆಯ ಕೆಲವು ಕುಟುಂಬಗಳೂ ಹೀಗೆಯೇ ವರ್ಷ ವರ್ಷ ಬರುವವರಿದ್ದರು. ಹೆಸರು ತಿಳಿಯದಿದ್ದರೂ ಯಾರ ಮಗಳು ಎಷ್ಟು ಎತ್ತರ ಬೆಳೆದಿದ್ದಾಳೆಂದು ಪರಸ್ಪರ ಗಮನಿಸುತ್ತಿದ್ದೆವು. ಪ್ರವೇಶದ್ವಾರದ ಪಕ್ಕದ ಕೋಣೆಯಲ್ಲಿ ಕಚೇರಿಯ ಹೆಣ್ಣುಮಕ್ಕಳು ಗೊಂಬೆ ಕೂರಿಸುತ್ತಿದ್ದರು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳಲ್ಲಿ ಚನ್ನಪಟ್ಟಣದ ಮರದ ಆಟಿಕೆಗಳ ಜೊತೆ, ಪಾರ್ಕಿನ ಒಂದೊಂದು ರೈಡಿನ ಪುಟ್ಟ ಮಾದರಿಯನ್ನು ಐಸ್‌ಕ್ರೀಂ ಕಡ್ಡಿ, ಬಾಟಲಿ ಮುಚ್ಚಳಗಳಿಂದ ಮಾಡಿ ಇಟ್ಟಿರುತ್ತಿದ್ದರು. ಕಲಾಕೃತಿಯೆಂದು ಹೊಗಳುವಂಥದ್ದೇನೂ ಅಲ್ಲ. ಆದರೆ ಪ್ರತಿವರ್ಷ ಒಂದು ಹೊಸ ಮಾದರಿ ಸೇರಿರುತ್ತಿತ್ತು, ಅದು ಯಾವುದೆಂದು ಹುಡುಕುವುದೇ ಮಕ್ಕಳ ಮೊದಲ ಆಟವಾಗಿತ್ತು.

ಈ ರೂಢಿ ಕಡಿದದ್ದು 2020ರಲ್ಲಿ. ಮಾರ್ಚಿನಿಂದ ಮುಚ್ಚಿದ್ದ ಮನರಂಜನಾ ಪಾರ್ಕುಗಳನ್ನು ಅಕ್ಟೋಬರ್ 15ರ ನಂತರ ತೆರೆಯಬಹುದೆಂದು ಕೇಂದ್ರ ಸರ್ಕಾರ ಅನುಮತಿ ನೀಡಿತ್ತಾದರೂ ಆ ದಸರೆಗೆ ಹೊರಡುವ ಧೈರ್ಯ ಯಾರಿಗಿತ್ತು? ಮೈಸೂರಿನ ಜಂಬೂ ಸವಾರಿಯೇ ಆ ವರ್ಷವೂ ಮರುವರ್ಷವೂ ಅರಮನೆಯ ಆವರಣ ಬಿಟ್ಟು ಹೊರಗೆ ಬರಲಿಲ್ಲ. ಎಲ್ಲವೂ ಸಹಜ ಸ್ಥಿತಿಗೆ ಬಂದಮೇಲೆ ಜಂಬೂ ಸವಾರಿ ಬನ್ನಿಮಂಟಪದವರೆಗಿನ ತನ್ನ ಹಳೆಯ ದಾರಿಗೆ ಮರಳಿತು. ನಮ್ಮ ಪಾರ್ಕಿನ ಆಯುಧಪೂಜೆ ಮರಳಲಿಲ್ಲ.

ಹಾಗೆಂದು ಅಲ್ಲಿ ಈಗ ಹಬ್ಬವೇ ಇಲ್ಲವೆಂದಲ್ಲ. ಲೆಕ್ಕ ಹಾಕಿದರೆ ಮೊದಲಿಗಿಂತ ಹೆಚ್ಚೇ ಇದೆ. ಗೇಟಿನ ಮೇಲೆ ಎರಡಾಳೆತ್ತರದ ಕಮಾನು, ಅದರ ತುಂಬ ಪ್ಲಾಸ್ಟಿಕ್ ಚೆಂಡುಹೂವು. ಒಳಗೆ ಫೈಬರಿನ ಆನೆ, ಅದರ ಬೆನ್ನಿಗೊಂದು ಬಂಗಾರದ ಬಣ್ಣದ ಅಂಬಾರಿ, ಮುಂದೆ ಸೆಲ್ಫಿಗೆಂದು ನೆಲದ ಮೇಲೆ ಬರೆದ ಹೆಜ್ಜೆಗುರುತು. ಸಂಜೆ ಡಿಜೆ, ದಾಂಡಿಯಾ, ಅದೃಷ್ಟದ ಚೀಟಿ. ಹಬ್ಬದ ಹತ್ತೂ ದಿನ ಟಿಕೆಟ್ ದರ ಏರಿರುತ್ತದೆ, ಸಾಲು ತಪ್ಪಿಸಿ ಮುಂದೆ ಹೋಗಲು ಬೇರೆ ದರದ ಪಟ್ಟಿ ಕೈಗೆ ಕಟ್ಟಿಸಿಕೊಳ್ಳಬೇಕು. ಗೊಂಬೆಯ ಕೋಣೆ ಈಗ ಟೀ ಶರ್ಟು, ಕೀಚೈನ್ ಮಾರುವ ಅಂಗಡಿ. ನಾವು ಒಯ್ದ ಸೇವಂತಿಗೆ ಮಾಲೆಯನ್ನು ಭದ್ರತಾ ಸಿಬ್ಬಂದಿಯ ಹುಡುಗ ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೊರಗಿನ ವಸ್ತುಗಳಿಗೆ ಪ್ರವೇಶವಿಲ್ಲವೆಂದು ವಿನಯದಿಂದಲೇ ಹೇಳಿ, ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ ಇಟ್ಟು ಟೋಕನ್ ಕೊಟ್ಟ. ನಮ್ಮ ಅತ್ತಿಗೆ ಆ ಟೋಕನ್ನನ್ನು ಮರಳಿ ಕೊಡಲೇ ಇಲ್ಲ.

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು, ಏಕೆಂದರೆ ಅದು ಹಗುರವಾದ ಮಾತಲ್ಲ. ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳ ಪ್ರವೇಶದ ಮೇಲೆ 28 ಶೇಕಡಾ ತೆರಿಗೆ ಬಿದ್ದು, 2018ರ ಜನವರಿಯಲ್ಲಿ ಅದು 18ಕ್ಕೆ ಇಳಿಯಿತು. ಉಸಿರಾಡುವಷ್ಟರಲ್ಲಿ ಕೋವಿಡ್ ಬಂದು ತಿಂಗಳುಗಟ್ಟಲೆ ಬಾಗಿಲು ಮುಚ್ಚಿಸಿತು. ಮಳೆಗಾಲದಲ್ಲಿ ಜನ ಕಡಿಮೆ, ಪರೀಕ್ಷೆಯ ತಿಂಗಳುಗಳಲ್ಲಿ ಇನ್ನೂ ಕಡಿಮೆ. ಬೇಸಿಗೆ ರಜೆ, ದಸರಾ ರಜೆ, ವರ್ಷದ ಕೊನೆಯ ವಾರಗಳಲ್ಲಿ ಬಂದ ಹಣದಿಂದಲೇ ಉಳಿದ ದಿನಗಳ ವಿದ್ಯುತ್ತು, ಸಂಬಳ, ಬಿಡಿಭಾಗಗಳ ಖರ್ಚು ನಡೆಯಬೇಕು. ಅಂಥ ದಿನಗಳಲ್ಲೇ ಅತಿ ಹೆಚ್ಚು ಜನ ಬರುವ ಮಹಾನವಮಿಯ ಬೆಳಗ್ಗೆ ಎಲ್ಲ ಯಂತ್ರಗಳನ್ನೂ ಪೂಜೆಗೆಂದು ನಿಲ್ಲಿಸಿದರೆ ನಷ್ಟವೆಷ್ಟೆಂದು ಯಾವ ಲೆಕ್ಕಿಗನಾದರೂ ಹೇಳಬಲ್ಲ. ಒಡೆದ ಕುಂಬಳಕಾಯಿಯ ಮೇಲೆ ಕಾಲಿಟ್ಟು ಯಾರಾದರೂ ಜಾರಿ ಬಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಕೆಲಸಗಾರರದು. ಮೊದಲು ಒಂದು ರೈಡಿಗೆ ಒಬ್ಬನೇ ಆಪರೇಟರ್ ವರ್ಷಗಟ್ಟಲೆ ಇರುತ್ತಿದ್ದ, ಅದನ್ನು ನನ್ನ ಗಾಡಿ ಎಂದೇ ಕರೆಯುತ್ತಿದ್ದ. ಈಗ ಬಹುಪಾಲು ಹುಡುಗರು ಗುತ್ತಿಗೆಯವರು. ಈ ವಾರ ಇಲ್ಲಿ, ಮುಂದಿನ ವಾರ ನೀರಿನ ಆಟದ ಕಡೆ. ಯಾವುದು ತನ್ನ ಯಂತ್ರವೆಂದು ತಿಳಿಯದವನು ಯಾವುದಕ್ಕೆ ವಿಭೂತಿ ಹಚ್ಚಬೇಕು?

ಈ ಬೇಸರ ನಮ್ಮ ಕಡೆಯದು ಮಾತ್ರವಲ್ಲ. ಫ್ಲೋರಿಡಾದಲ್ಲಿರುವ ನಮ್ಮ ಅಣ್ಣನ ಮಗನ ಬಳಿ ಇದನ್ನು ಹೇಳಿಕೊಂಡಾಗ ಅವನು ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡಿನ ಕ್ರಿಸ್ಮಸ್ ದೀಪಗಳ ಕತೆ ಹೇಳಿದ. ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಜೆನ್ನಿಂಗ್ಸ್ ಆಸ್ಬೋರ್ನ್ ಎಂಬ ಉದ್ಯಮಿ 1986ರಲ್ಲಿ ಪುಟ್ಟ ಮಗಳ ಆಸೆಯಂತೆ ತನ್ನ ಮನೆಗೆ ದೀಪ ಹಾಕಿಸಿದರು. ಅದು ವರ್ಷದಿಂದ ವರ್ಷಕ್ಕೆ ಬೆಳೆದು ಲಕ್ಷಗಟ್ಟಲೆ ಬಲ್ಬುಗಳಾಗಿ, ನೋಡಲು ಬರುವವರ ಕಾರುಗಳಿಂದ ಬೀದಿ ಕಟ್ಟಿಕೊಂಡು, ನೆರೆಯವರು ನ್ಯಾಯಾಲಯಕ್ಕೆ ಹೋದರು. ಮನೆಯಲ್ಲಿ ಉರಿಸಲಾಗದ ಆ ದೀಪಗಳನ್ನು 1995ರಿಂದ ಡಿಸ್ನಿಯ ಪಾರ್ಕಿನಲ್ಲಿ ಹಾಕತೊಡಗಿದರು. ಲಿಟಲ್ ರಾಕಿನಿಂದ ಬಂದ ಸಾಮಾನಿನಲ್ಲಿ ತಪ್ಪಿ ಒಂದು ಬೆಕ್ಕಿನ ಆಕೃತಿಯ ದೀಪವೂ ಸೇರಿಕೊಂಡಿತ್ತಂತೆ. ಕ್ರಿಸ್ಮಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಹ್ಯಾಲೋವೀನಿನದು. ಅದನ್ನು ಹಿಂದಕ್ಕೆ ಕಳುಹಿಸುವ ಬದಲು ಕೆಲಸಗಾರರು ಪ್ರತಿವರ್ಷ ಬೇರೆ ಬೇರೆ ಕಡೆ ಬಚ್ಚಿಡತೊಡಗಿದರು, ಬಂದವರು ಲಕ್ಷಾಂತರ ದೀಪಗಳ ನಡುವೆ ಆ ಬೆಕ್ಕನ್ನು ಹುಡುಕತೊಡಗಿದರು. 2016ರ ಜನವರಿಯ ಮೊದಲ ವಾರದಲ್ಲಿ ಆ ದೀಪಗಳು ಕೊನೆಯ ಸಲ ಉರಿದವು. ಸಿನಿಮಾಗಳ ಲೋಕವನ್ನು ಕಟ್ಟುವ ಹೊಸ ವಿಭಾಗಗಳಿಗೆ ಜಾಗ ಬೇಕಿತ್ತು. ಅವು 2018 ಮತ್ತು 2019ರಲ್ಲಿ ತೆರೆದವು. ಹೊಸದು ಭವ್ಯವಾಗಿಯೇ ಇದೆಯಂತೆ. ಆದರೂ ಹಳೆಯ ಭೇಟಿಗಾರರು ಇಂದಿಗೂ ಆ ಬೆಕ್ಕಿನ ಮಾತಾಡುತ್ತಾರೆ.

ಅಲ್ಲಿಯೂ ಹಬ್ಬಕ್ಕೆ ಬೇರೆ ಟಿಕೆಟ್ ಎಂಬುದು ಹಳೆಯ ಸಂಗತಿ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ 1983ರಲ್ಲಿ ಆರಂಭವಾದ ಕ್ರಿಸ್ಮಸ್ ಕೂಟಕ್ಕೆ ಹಗಲಿನ ಟಿಕೆಟ್ ಸಾಲದು, ಬೇರೆಯೇ ಕೊಳ್ಳಬೇಕು. ಸಾಲು ತಪ್ಪಿಸುವ ಚೀಟಿಯನ್ನು 1999ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದವರು 2021ರಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಪಡೆಯುವ ವ್ಯವಸ್ಥೆಯನ್ನು ತಂದರು. ಇನ್ನೊಂದು ಕಡೆ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1958ರಲ್ಲಿ ತೊಡಗಿದ ಮೇಣದ ಬತ್ತಿಗಳ ಸಮೂಹಗಾಯನ ಇಂದಿಗೂ ನಡೆಯುತ್ತಿದೆ. ಅಂದರೆ ವ್ಯಾಪಾರ ಮಾಡುವ ಜಾಗದಲ್ಲಿ ಸಂಪ್ರದಾಯ ಉಳಿಯುವುದೇ ಇಲ್ಲವೆಂದು ಹೇಳಿಬಿಡುವಂತಿಲ್ಲ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದಷ್ಟೇ ನೋಡಬೇಕಾದದ್ದು.

ನನಗೆ ತೋರುವುದು ಇಷ್ಟು. ಆ ಬೆಕ್ಕನ್ನಾಗಲಿ, ನಮ್ಮ ಪಾರ್ಕಿನ ಕುಂಬಳಕಾಯಿಯನ್ನಾಗಲಿ ಯಾರೂ ಭೇಟಿಗಾರರಿಗಾಗಿ ಯೋಜಿಸಿರಲಿಲ್ಲ. ಆಯುಧಪೂಜೆ ಕೆಲಸಗಾರರಿಗೂ ಅವರ ಯಂತ್ರಗಳಿಗೂ ನಡುವಿನ ವ್ಯವಹಾರವಾಗಿತ್ತು. ಪೂಜೆಯ ಹೊತ್ತಿಗೆ ಮನೆಗೆ ಬಂದ ನೆಂಟರಂತೆ ನಾವು ಬದಿಗೆ ನಿಂತು ನೋಡಿ, ಪುರಿ ತಿಂದು ಬರುತ್ತಿದ್ದೆವು. ಹಣ ಕೊಟ್ಟವರು ನಾವಾಗಿದ್ದರೂ ಆ ಒಂದು ಗಂಟೆ ಅಲ್ಲಿನ ಮುಖ್ಯರು ನಾವಾಗಿರಲಿಲ್ಲ, ಎರಡನೆಯ ಸುತ್ತು ಕಸ ಗುಡಿಸುವವರ ಮಕ್ಕಳದಾಗಿತ್ತು. ಈಗ ನಡೆಯುವುದೆಲ್ಲವೂ ನಮಗಾಗಿಯೇ: ಆನೆ ನಮ್ಮ ಫೋಟೊಗೆ, ಡಿಜೆ ನಮ್ಮ ಸಂಜೆಗೆ, ಕಮಾನು ನಮ್ಮ ಮೊಬೈಲಿಗೆ. ನಾವು ಹೋಗದಿದ್ದರೆ ಆ ಹಬ್ಬ ಇಲ್ಲ. ಹೋದರೂ ಅದು ನಮಗೆ ಹಬ್ಬವೆಂದು ಅನ್ನಿಸದಿರಲು ಕಾರಣ ಇದೇ ಇರಬೇಕು.

ಊರಿನ ಹಾಸನಾಂಬೆಯನ್ನು ನೆನೆದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿಯೂ ದೂರುಗಳಿಗೆ ಕೊರತೆಯಿಲ್ಲ. 300 ಮತ್ತು 1000 ರೂಪಾಯಿಯ ವಿಶೇಷ ದರ್ಶನದ ಟಿಕೆಟ್ಟುಗಳು, ಪಾಸುಗಳು, ಗಂಟೆಗಟ್ಟಲೆ ಸಾಗದ ಧರ್ಮದರ್ಶನದ ಸಾಲು, ಇವುಗಳ ಬಗ್ಗೆ ಪ್ರತಿವರ್ಷ ಹಾಸನದ ಪ್ರತಿ ಮನೆಯಲ್ಲೂ ಮಾತು ನಡೆಯುತ್ತದೆ, ನಡೆಯಬೇಕಾದದ್ದೇ. ಆದರೆ ಆ ದೂರು ನಮಗೆ ಸರಿಯಾಗಿ ನೋಡಲಾಗಲಿಲ್ಲ ಎಂಬುದೇ ಹೊರತು, ಅಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅರಸು ಮನೆತನದವರು ಬಾಳೆಕಂದನ್ನು ಕಡಿಯುತ್ತಾರೆ, ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ದೀಪ ಹಚ್ಚಿಟ್ಟು, ಹೂವು ನೈವೇದ್ಯಗಳನ್ನಿಟ್ಟು ಮತ್ತೆ ಒಂದು ವರ್ಷಕ್ಕೆ ಬಾಗಿಲು ಹಾಕುತ್ತಾರೆ. 2020ರಲ್ಲಿ ಜನರ ಪ್ರವೇಶಕ್ಕೆ ನಿರ್ಬಂಧವಿದ್ದಾಗಲೂ ಬಾಗಿಲು ತೆರೆಯುವುದು ತಪ್ಪಲಿಲ್ಲ. ಪಾರ್ಕನ್ನು ದೇವಸ್ಥಾನಕ್ಕೆ ಸಮಗಟ್ಟುತ್ತಿದ್ದೇನೆಂದು ಯಾರೂ ಸಿಟ್ಟಾಗಬೇಡಿ. ನೋಡುವವರ ಹಂಗಿಲ್ಲದೆ ನಡೆಯುವ ಆಚರಣೆಯನ್ನು ನೋಡಲು ಹೋಗುವುದಕ್ಕೂ ನಮಗೆಂದೇ ಏರ್ಪಾಡಾದ ಕಾರ್ಯಕ್ರಮಕ್ಕೆ ಹೋಗುವುದಕ್ಕೂ ಇರುವ ಅಂತರವನ್ನು ಹಾಸನದವರಿಗೆ ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ತಿಳಿಯದು.

ಕಳೆದ ವರ್ಷ ನಾವು ಕೆಲವು ಮನೆಗಳವರು ಸೇರಿ ಪಾರ್ಕಿನ ಆಡಳಿತಕ್ಕೆ ಪತ್ರ ಬರೆದೆವು. ಕೇಳಿದ್ದು ದೊಡ್ಡದೇನಲ್ಲ: ಗೇಟು ತೆರೆಯುವುದಕ್ಕೆ ಮುಂಚೆ ಒಂದೇ ಒಂದು ರೈಡಿಗೆ ಪೂಜೆ ಮಾಡಿ, ಮೊದಲು ಬಂದವರಿಗೆ ದೂರದಿಂದಲಾದರೂ ನೋಡಲು ಬಿಡಿ, ಕೆಲಸಗಾರರ ಮಕ್ಕಳಿಗೆ ಆ ಒಂದು ಸುತ್ತನ್ನು ಮತ್ತೆ ಕೊಡಿ. ಉತ್ತರ ಬೇಗನೆ ಬಂತು. ನಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಹೇಳಿ, ಮುಂದಿನ ಭೇಟಿಗೆ ರಿಯಾಯಿತಿ ಕೂಪನ್ ಲಗತ್ತಿಸಿದ್ದರು.

ಅದೇ ಸಮಯಕ್ಕೆ, ನಮಗೆ ಮೊದಲ ವರ್ಷದಿಂದಲೂ ಪರಿಚಯವಿರುವ ಅರಸೀಕೆರೆ ಕಡೆಯ ಆಪರೇಟರ್ ಒಬ್ಬ ಊರಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದಿದ್ದ. ಪತ್ರದ ವಿಷಯ ಕೇಳಿ ನಕ್ಕ. "ಪೂಜೆ ಎಲ್ಲಿ ನಿಂತದೆ ಅಕ್ಕಾ? ಹಿಂದಿನ ದಿನ ರಾತ್ರಿ, ಗೇಟ್ ಹಾಕಿದ್ಮೇಲೆ, ವರ್ಕ್‌ಶಾಪ್‌ನಲ್ಲಿ ನಾವು ಹಳಬರೆಲ್ಲ ಸೇರಿ ಮಾಡ್ಕೋತೀವಿ. ಪುರಿ, ಬಾಳೆಹಣ್ಣು ಎಲ್ಲ ನಮ್ಮ ಕೈಯಿಂದ್ಲೇ. ಗಾಡಿಗೆ ಪೂಜೆ ಮಾಡ್ದೆ ಮಾರನೇ ದಿನ ಜನ ಹತ್ತಿಸೋಕೆ ಆಗ್ತದಾ?" ಎಂದ. ನಮ್ಮ ಅತ್ತಿಗೆಗೆ ಇದನ್ನು ಕೇಳಿ ಬೇಸರ ಇಮ್ಮಡಿಯಾಯಿತು; ಇದ್ದೂ ನಮಗೆ ಕಾಣದಂತಾಯಿತಲ್ಲ ಎಂಬುದು ಅವರ ಸಂಕಟ. ನನಗೆ ಮಾತ್ರ ಸಮಾಧಾನವೇ ಆಯಿತು. ಕೂಪನ್ ಬಳಸಿ ಹೋಗುವುದೋ, ಹಳೆಯ ವಸ್ತುಪ್ರದರ್ಶನಕ್ಕೇ ಮರಳುವುದೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಹೂವಿನ ದುಡ್ಡನ್ನು ಮಾತ್ರ ಈ ವರ್ಷ ಅವನ ಕೈಗೆ ಮೊದಲೇ ಕಳುಹಿಸುವುದೆಂದು ಎಲ್ಲರೂ ಒಪ್ಪಿದ್ದೇವೆ. ಕೂಪನ್ನಿನ ಅವಧಿ ಎಂದು ಮುಗಿಯುತ್ತದೆಂಬುದನ್ನು ಮಕ್ಕಳು ದಿನಕ್ಕೊಮ್ಮೆ ನೆನಪಿಸುತ್ತಿದ್ದಾರೆ.